ಮೂರನೆಯದು ಯಾಕೆ ಹೊತ್ತಲಿಲ್ಲ?

ಈ ಸಲ ನಾವು ಬರೆಯುತ್ತಿರುವುದು ಪಾಠದ ಬಗ್ಗೆ ಅಲ್ಲ, ಪಠ್ಯಪುಸ್ತಕ ತಡವಾಗಿ ಬಂದ ಬಗ್ಗೆಯೂ ಅಲ್ಲ. ಒಂದು ಪಿಕಪ್ ವಾಹನದ ಎಂಜಿನ್ ಬಗ್ಗೆ. ಕನ್ನಡ ಶಾಲೆಯ ಮಾಸ್ಟ್ರುಗಳಿಗೆ ಎಂಜಿನ್ನಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. 2024ರ ಜೂನ್ ಮೊದಲ ವಾರದವರೆಗೆ ನಮಗೂ ಅದೇ ಅಭಿಪ್ರಾಯವಿತ್ತು. ಡೀಸೆಲ್ ಹಾಕಿದರೆ ಓಡುತ್ತದೆ, ಓಡದಿದ್ದರೆ ಗ್ಯಾರೇಜಿಗೆ ಒಯ್ಯಬೇಕು... ಇಷ್ಟೇ ನಮ್ಮ ವಾಹನಜ್ಞಾನ.

ನಮ್ಮ ಶಾಲೆ ಇರುವುದು ಕಾಸರಗೋಡು ಜಿಲ್ಲೆಯ ಒಳಭಾಗದ ಗುಡ್ಡೆಗಳ ನಡುವೆ. ಬಸ್ಸು ಬರುವುದು ಕೆಳಗಿನ ಮಾರ್ಗದವರೆಗೆ ಮಾತ್ರ. ಮೇಲಿನ ಗುಡ್ಡೆಯ ಮನೆಗಳಿಂದ ಒಂಬತ್ತು ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಅವರನ್ನು ಕರೆತರುವುದು ನಮ್ಮ ಪಿ.ಟಿ.ಎ. ಅಧ್ಯಕ್ಷರ ಪಿಕಪ್. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ಹಾಕುವ ತೊಟ್ಟಿ, ನಾಲ್ಕು ಸಿಲಿಂಡರಿನ ಟರ್ಬೋ ಡೀಸೆಲ್ ಎಂಜಿನ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅವರ ಅಡಿಕೆಯೂ ಅದರಲ್ಲೇ, ಶಾಲೆಯ ಅಕ್ಕಿಯೂ ಅದರಲ್ಲೇ, ಬೆಳಿಗ್ಗೆ ಸಂಜೆ ಎರಡೆರಡು ಟ್ರಿಪ್ಪಿನಲ್ಲಿ ಮಕ್ಕಳೂ ಅದರಲ್ಲೇ. ಮಕ್ಕಳಿಂದ ಒಂದು ರೂಪಾಯಿ ತೆಗೆದುಕೊಂಡವರಲ್ಲ.

ಒಂಬತ್ತು ಮಕ್ಕಳು ಎಂದರೆ ದೊಡ್ಡ ಶಾಲೆಗಳಿಗೆ ಏನೂ ಅಲ್ಲ. ನಮಗೆ ಹಾಗಲ್ಲ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ವರ್ಷಕ್ಕೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕ ಹುದ್ದೆ ಎಂಬುದೆಲ್ಲ ಆ ದಿನದ ಸಂಖ್ಯೆಯ ಮೇಲೆ ನಿಂತಿದೆ. ಕನ್ನಡ ಮಾಧ್ಯಮದ ಸಣ್ಣ ಶಾಲೆಗಳಲ್ಲಿ ಇರುವವರಿಗೆ ಈ ಆರನೆಯ ದಿನ ಎಂದರೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಾಗೆ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಅದೂ ಸರಿಯಾಗಿ ಮಳೆಗಾಲ ಸುರುವಾಗುವ ಹೊತ್ತಿಗೇ ಬರುತ್ತದೆ.

2024ರಲ್ಲಿ ಶಾಲೆ ತೆರೆದದ್ದು ಜೂನ್ 3, ಸೋಮವಾರ. ಪ್ರವೇಶೋತ್ಸವ ಚಂದವಾಗಿಯೇ ಆಯಿತು. ಮರುದಿನ ಸಂಜೆ ಮಕ್ಕಳನ್ನು ಬಿಡಲು ಹೋದ ಪಿಕಪ್ ಏರು ಹತ್ತುವಾಗ ಕುಂಟತೊಡಗಿತು. ಇಡೀ ಗಾಡಿ ಗಡಗಡ ನಡುಗುವುದು, ಎದುರಿನ ಹಳದಿ ದೀಪ ಹತ್ತುವುದು, ಕಾಲೊತ್ತಿದರೂ ಮೇಲೆ ಹೋಗದಿರುವುದು. ಹೇಗೋ ಮಕ್ಕಳನ್ನು ಇಳಿಸಿ ಬಂದದ್ದಾಯಿತು. ವಿಚಿತ್ರವೆಂದರೆ ಕೆಳಗೆ ಬಂದು ಅಂಗಳದಲ್ಲಿ ನಿಂತಾಗ ಎಂಜಿನ್ ಏನೂ ಆಗದ ಹಾಗೆ ಸಣ್ಣಗೆ ಓಡುತ್ತಿತ್ತು.

ಬುಧವಾರ ಅಧ್ಯಕ್ಷರು ಪೇಟೆಯ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದಾಗ ಪಿ 0303 ಎಂಬ ಕೋಡ್ ಬಂತಂತೆ. ಮೂರನೆಯ ಸಿಲಿಂಡರ್ ಮಿಸ್‌ಫೈರ್. 'ಇಂಜೆಕ್ಟರ್ ಹೋಗಿದೆ. ಒಂದನ್ನು ಮಾತ್ರ ಬದಲಿಸಿದರೆ ನಾಳೆ ಇನ್ನೊಂದು ಹೋಗ್ತದೆ, ನಾಲ್ಕೂ ಹಾಕುವುದು ಒಳ್ಳೆಯದು. ಎಲ್ಲ ಸೇರಿ ಅರುವತ್ತು ಸಾವಿರ, ಸಾಮಾನು ಬರಲಿಕ್ಕೆ ಹತ್ತು ದಿವಸ' ಎಂದರಂತೆ. ಅಧ್ಯಕ್ಷರು ಶಾಲೆಗೆ ಬಂದು ಈ ಮಾತು ಹೇಳುವಾಗ ಅವರ ಮುಖ ನೋಡಲಿಕ್ಕೆ ಆಗುತ್ತಿರಲಿಲ್ಲ. ಅರುವತ್ತು ಸಾವಿರ ಅವರ ಹತ್ತಿರ ಇರಲಿಲ್ಲ. ಹತ್ತು ದಿವಸ ನಮ್ಮ ಹತ್ತಿರ ಇರಲಿಲ್ಲ.

ಬುಧ, ಗುರು, ಶುಕ್ರ ಮೂರು ದಿನ ಮೇಲಿನ ಮಕ್ಕಳು ನಡೆದೇ ಬಂದರು. ಎಂಟು ಮಂದಿ. ಕೊಡೆ ಇದ್ದರೂ ಸೊಂಟದವರೆಗೆ ಒದ್ದೆ. ಒಂಬತ್ತನೆಯವನು, ಐದನೆಯ ತರಗತಿಯ ಹುಡುಗ, ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಮೂರು ದಿನವೂ ಗೈರು ಗುರುತು ಹಾಕಿದೆವು. ಮನೆಗೆ ಫೋನ್ ಮಾಡಿದರೆ ಸ್ವಿಚ್ ಆಫ್. 'ಅವನ ಅಪ್ಪ ಕಳೆದ ವರ್ಷವೇ ಇಂಗ್ಲಿಷ್ ಮೀಡಿಯಂ ಅಂತ ಹೇಳ್ತಿದ್ದರಲ್ಲ' ಎಂದು ನಮ್ಮಲ್ಲಿ ಒಬ್ಬರು ನೆನಪಿಸಿದರು. 'ಕೆಳಗಿನ ಮಾರ್ಗಕ್ಕೆ ಹಳದಿ ವ್ಯಾನ್ ಬರ್ತದೆ, ಅದರಲ್ಲಿ ಹೋಗಿರ್ಬೇಕು' ಎಂದರು ಇನ್ನೊಬ್ಬರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾವು ಅವನ ಹೆಸರು ಬಿಟ್ಟು ಸಂಖ್ಯೆ ಕೂಡಿಸುವುದಕ್ಕೆ ಸುರು ಮಾಡಿಯಾಗಿತ್ತು. ಟಿ.ಸಿ. ಕೇಳಲು ಅಪ್ಪ ಯಾವಾಗ ಬರುತ್ತಾರೆ ಎಂಬುದಷ್ಟೇ ಮಾತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ನಡೆದದ್ದು ಹಾಗೆಯೇ.

ಆ ಶುಕ್ರವಾರ ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಖರ್ಜೂರದ ಪೆಟ್ಟಿಗೆ ಹಿಡಿದುಕೊಂಡು ಶಾಲೆಗೆ ಬಂದ. ಏಳನೆಯವರೆಗೆ ನಮ್ಮಲ್ಲೇ ಕನ್ನಡದಲ್ಲಿ ಕಲಿತವನು, ಮತ್ತೆ ಐ.ಟಿ.ಐ. ಮಾಡಿ ಗಲ್ಫಿಗೆ ಹೋದವನು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ. ರಜೆಯಲ್ಲಿ ಬಂದಿದ್ದ. ಅಧ್ಯಕ್ಷರೂ ಅಲ್ಲೇ ಇದ್ದರು, ಮಾತು ಪಿಕಪ್ಪಿಗೆ ಬಂತು.

'ಕೋಡ್ ಯಾವುದು ಬಂದದ್ದು?' ಎಂದು ಕೇಳಿದ.

'0303.'

'ಬೇರೆ ಯಾವುದಾದ್ರೂ?'

'ಅಷ್ಟೇ.'

ಅವನು ನಕ್ಕು ಹೇಳಿದ: 'ಸಾರ್, ಅದು ನಿಮ್ಮ ಹಾಜರಿ ಪುಸ್ತಕ ಇದ್ದ ಹಾಗೆ. ಮೂರನೇ ನಂಬ್ರದವ ಇವತ್ತು ಬರ್ಲಿಲ್ಲ ಅಂತ ಮಾತ್ರ ಅದು ಹೇಳ್ತದೆ. ಯಾಕೆ ಬರ್ಲಿಲ್ಲ ಅಂತ ಅದ್ರಲ್ಲಿ ಇರುದಿಲ್ಲ.'

ಆಗ ನಮಗೆ ಆ ಮಾತು ಎಂಜಿನ್ನಿನ ಬಗ್ಗೆ ಎಂದೇ ಅನಿಸಿತು. ಅವನಿಗೂ ಹಾಗೆಯೇ.

ಮೂರನೆಯ ಸಿಲಿಂಡರಿನಲ್ಲಿ ಬೆಂಕಿ ಹೊತ್ತಲಿಲ್ಲ ಎಂದು ಕಂಪ್ಯೂಟರಿಗೆ ಗೊತ್ತಾಗುವುದಾದರೂ ಹೇಗೆ ಎಂದು ಕೇಳಿದೆವು. ಅವನು ವಿವರಿಸಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇವೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ದಂಡ ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಹೊತ್ತುತ್ತದೆ. ಸಾಮಾನ್ಯವಾಗಿ 1, 3, 4, 2 ಎಂಬ ಕ್ರಮ. ನಿಮಿಷಕ್ಕೆ 2000 ಸುತ್ತು ಎಂದಿಟ್ಟುಕೊಂಡರೆ ಒಂದೊಂದು ಸಿಲಿಂಡರ್ ನಿಮಿಷಕ್ಕೆ 1000 ಸಲ ಹೊತ್ತಬೇಕು. ಪ್ರತಿ ಸಲ ಹೊತ್ತಿದಾಗಲೂ ದಂಡಕ್ಕೆ ಒಂದು ತಳ್ಳು. ದಂಡದ ತುದಿಯಲ್ಲಿ ಹಲ್ಲಿನ ಚಕ್ರವೊಂದು ಇದೆ, ಅದರ ಪಕ್ಕದಲ್ಲಿರುವ ಸೆನ್ಸರ್ ಆ ಹಲ್ಲುಗಳನ್ನು ಎಣಿಸುತ್ತಲೇ ಇರುತ್ತದೆ. ಒಂದು ತಳ್ಳು ತಪ್ಪಿದರೆ ಚಕ್ರ ಆ ಕ್ಷಣಕ್ಕೆ ಚೂರು ನಿಧಾನವಾಗುತ್ತದೆ. ಚೆಂಡೆಯಲ್ಲಿ ಒಂದು ಪೆಟ್ಟು ತಪ್ಪಿದರೆ ಭಾಗವತರಿಗೆ ಗೊತ್ತಾಗುವುದಿಲ್ಲವೇ, ಹಾಗೆ. ಯಾವ ಪೆಟ್ಟು ತಪ್ಪಿತು ಎಂದು ಭಾಗವತರು ಹೇಳಬಲ್ಲರು. ಕೈ ನೋವೋ, ಚೆಂಡೆಯ ಚರ್ಮ ಹರಿದದ್ದೋ, ಕೋಲು ಮುರಿದದ್ದೋ ಎಂಬುದನ್ನು ಹೋಗಿಯೇ ನೋಡಬೇಕು.

ಮಳೆ ಜೋರಾಯಿತು. ಯಾರೂ ಮನೆಗೆ ಹೋಗುವ ಹಾಗಿಲ್ಲ. ಖರ್ಜೂರ ತಿನ್ನುತ್ತ ಅವನು ಶಾರ್ಜಾದ ಒಂದು ಕತೆ ಹೇಳಿದ. ಅಲ್ಲಿ ರಜಾದಿನಗಳಲ್ಲಿ ಮರಳದಿಬ್ಬ ಹತ್ತುವುದು ದೊಡ್ಡ ಹುಚ್ಚು. ಅದಕ್ಕೆ ಅಮೆರಿಕದ ಭಾರೀ ಪಿಕಪ್‌ಗಳು. ಕೆಲವಕ್ಕೆ ಸೂಪರ್‌ಚಾರ್ಜರ್ ಇರುತ್ತದೆ. ಫೋರ್ಡ್ ಕಂಪನಿ 1999ರಿಂದ 2004ರವರೆಗೆ ತಯಾರಿಸಿದ ಎಫ್-150 ಲೈಟ್ನಿಂಗ್‌ಗೆ 5.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಮೇಲೆ ಅದನ್ನು ಕೂರಿಸಿದ್ದರು. 2021ರ ರ‍್ಯಾಮ್ ಟಿಆರ್‌ಎಕ್ಸ್‌ನ 6.2 ಲೀಟರ್ ಎಂಜಿನ್ ಸೂಪರ್‌ಚಾರ್ಜರ್ ಜತೆ 702 ಅಶ್ವಶಕ್ತಿ ಕೊಡುತ್ತದೆ. ನಮ್ಮೂರಿನ ಪಿಕಪ್ ನೂರು ಅಶ್ವಶಕ್ತಿಯ ಆಸುಪಾಸಿನಲ್ಲಿ ಗುಡ್ಡೆ ಹತ್ತುತ್ತದೆ ಎಂಬುದನ್ನು ನೆನಪಿಡಿ!

ಸೂಪರ್‌ಚಾರ್ಜರ್ ಎಂದರೆ ಬೇರೇನಲ್ಲ, ಒಂದು ಗಾಳಿಪಂಪು. ಎಂಜಿನ್ ತಾನಾಗಿ ಎಳೆದುಕೊಳ್ಳುವ ಗಾಳಿ ಸಾಲದು ಎಂದು ಒತ್ತಿ ತುಂಬಿಸುವುದು. ಗಾಳಿ ಹೆಚ್ಚಾದರೆ ಇಂಧನವನ್ನೂ ಹೆಚ್ಚು ಸುಡಬಹುದು. ನಮ್ಮ ಪಿಕಪ್ಪಿನ ಟರ್ಬೋ ಕೆಲಸವೂ ಅದೇ. ವ್ಯತ್ಯಾಸ ಇಷ್ಟೇ, ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತದೆ. ಟರ್ಬೋವನ್ನು ಹೊರಹೋಗುವ ಹೊಗೆ ತಿರುಗಿಸುತ್ತದೆ.

ಅಂಥ ಸೂಪರ್‌ಚಾರ್ಜರಿನ ಪೆಟ್ರೋಲ್ ಪಿಕಪ್ ಒಂದು ಅವನ ಗ್ಯಾರೇಜಿಗೆ ಬಂತು. ನಿಂತಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ, ದಿಬ್ಬದಲ್ಲಿ ಕಾಲೊತ್ತಿದರೆ ಪಟಪಟ ಎಂದು ಮಿಸ್ ಹೊಡೆಯುತ್ತದೆ. ಮಾಲಿಕ ಬೇರೆ ಕಡೆ ಎರಡು ಸಲ ಎಂಟೂ ಇಗ್ನಿಷನ್ ಕಾಯಿಲ್ ಬದಲಿಸಿ ಆಗಿತ್ತು. ಕೋಡ್ ನೋಡಿದರೆ ಒಂದು ದಿನ ಐದನೆಯದು, ಮರುದಿನ ಏಳನೆಯದು, ಇನ್ನೊಮ್ಮೆ ಪಿ 0300. 0300 ಎಂದರೆ ಇಂಥದ್ದೇ ಎಂದಲ್ಲ, ಹಲವು ಸಿಲಿಂಡರ್ ತಪ್ಪುತ್ತಿವೆ ಎಂದರ್ಥ. ಇವನು ಯೋಚಿಸಿದ. ಒಂದೇ ಸಿಲಿಂಡರ್ ಆಗಿದ್ದರೆ ಅದರ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ ನೋಡಬಹುದಿತ್ತು. ಮಿಸ್ ಕಾಯಿಲಿನ ಜತೆ ಹೋದರೆ ಕಾಯಿಲ್ ಹಾಳು, ಅಲ್ಲೇ ಉಳಿದರೆ ಕಾಯಿಲ್ ಒಳ್ಳೆಯದು. ಆದರೆ ಇಲ್ಲಿ ತಪ್ಪು ಊರೆಲ್ಲ ಸುತ್ತುತ್ತಿದೆ. ಅಂದರೆ ಎಲ್ಲಕ್ಕೂ ಸಾಮಾನ್ಯವಾದ ಕಾರಣ ಬೇಕು. ಅದೂ ಗಾಳಿ ಒತ್ತಿ ತುಂಬಿದಾಗ ಮಾತ್ರ ಬರುವಂಥದ್ದು.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ. ಪ್ಲಗ್ ಹೊಸತೇ. ಆದರೆ ಕಿಡಿ ಹಾರುವ ಸಂದು ಒಂದು ಮಿಲಿಮೀಟರಿಗಿಂತ ಜಾಸ್ತಿ. ಸಾಮಾನ್ಯ ಎಂಜಿನ್ನಿಗೆ ಅದು ಸರಿ. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಒತ್ತಡ ಹೆಚ್ಚಾದಷ್ಟೂ ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಎಷ್ಟು ಹೊಸತಾದರೂ ಅದಕ್ಕೊಂದು ಮಿತಿ ಉಂಟು. ಸಂದನ್ನು ಆ ಎಂಜಿನ್ನಿಗೆ ಹೇಳಿದ ಅಳತೆಗೆ, ಸುಮಾರು ಮುಕ್ಕಾಲು ಮಿಲಿಮೀಟರಿಗೆ, ಇಳಿಸಿದ. ಮಿಸ್ ನಿಂತಿತು. ಹದಿನಾರು ಕಾಯಿಲ್ ಸುಮ್ಮನೆ ಹೋಗಿತ್ತು.

'ಅಲ್ಲಿಂದ ನಾನು ಕಲ್ತದ್ದು ಇಷ್ಟೇ ಸಾರ್. ಮೊದಲು ಯಾವುದು ಅಂತ ಕೇಳ್ಬೇಕು, ಮತ್ತೆ ಯಾವಾಗ ಅಂತ ಕೇಳ್ಬೇಕು. ನಿಂತಾಗ ಮಿಸ್ ಹೊಡೆದು ಓಡುವಾಗ ಸರಿ ಆದ್ರೆ ಎಲ್ಲಿಯಾದ್ರೂ ಕಳ್ಳಗಾಳಿ ಒಳಗೆ ಹೋಗ್ತಾ ಉಂಟಾ ನೋಡ್ಬೇಕು. ನಿಂತಾಗ ಸರಿ ಇದ್ದು ಭಾರ ಬಿದ್ದಾಗ ತಪ್ಪಿದ್ರೆ ಕಿಡಿ ನೋಡ್ಬೇಕು, ಇಂಧನ ನೋಡ್ಬೇಕು. ಈ ಎರಡು ಪ್ರಶ್ನೆ ಕೇಳದೆ ಸಾಮಾನು ಬದಲಿಸಿದ್ರೆ ಅದು ರಿಪೇರಿ ಅಲ್ಲ, ಲಾಟರಿ.'

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಕುಗ್ಗಿಸಿದಾಗ ಅದು ಕಾದು ಕೆಂಡವಾಗುತ್ತದೆ, ಅದರೊಳಕ್ಕೆ ಇಂಜೆಕ್ಟರ್ ಡೀಸೆಲ್ ಚಿಮ್ಮಿಸುತ್ತದೆ, ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನಮ್ಮ ಪಿಕಪ್ಪಿನಲ್ಲಿ ಮೂರನೆಯದು ಹೊತ್ತದಿರಲು ಮೂರೇ ದಾರಿ. ಕುಗ್ಗಿದ ಗಾಳಿ ಸೋರಬೇಕು, ಇಲ್ಲವೇ ಇಂಜೆಕ್ಟರ್ ಕೆಡಬೇಕು, ಇಲ್ಲವೇ ಇಂಜೆಕ್ಟರಿಗೆ 'ಚಿಮ್ಮು' ಎಂಬ ಆಜ್ಞೆ ತಲುಪದಿರಬೇಕು. ಗ್ಯಾರೇಜಿನವರು ನಡುವಿನದನ್ನು ಹಿಡಿದುಕೊಂಡಿದ್ದರು.

ಶನಿವಾರ ರಜೆ. ಬೆಳಿಗ್ಗೆಯೇ ಪಿಕಪ್ ಶಾಲೆಯ ಅಂಗಳಕ್ಕೆ ಬಂತು. ಹುಡುಗ ತನ್ನ ಸಣ್ಣ ಸ್ಕ್ಯಾನರ್ ತಂದಿದ್ದ. ಹಿಂದೆ ಜೀಪು ಓಡಿಸುತ್ತಿದ್ದ ಹಿರಿಯರೊಬ್ಬರು, 'ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲ ಮಾಡಿ ನೋಡು, ಸತ್ತದ್ದು ಯಾವುದು ಅಂತ ಗೊತ್ತಾಗ್ತದೆ' ಎಂದು ಸ್ಪ್ಯಾನರ್ ಹಿಡಿದು ಮುಂದೆ ಬಂದರು. ಅವನು ಓಡಿ ಹೋಗಿ ಅವರ ಕೈ ಹಿಡಿದ. ಹಳೆಯ ಜೀಪಿಗೆ ಅದು ನಡೆಯುತ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್ನಿನ ಪೈಪಿನೊಳಗೆ ಒತ್ತಡ ಸಾವಿರ ಬಾರ್ ಮೀರುತ್ತದೆ. ಕಾರಿನ ಟಯರಿನಲ್ಲಿ ಇರುವುದು ಎರಡು, ಎರಡೂವರೆ ಬಾರ್. ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋದರೆ ಬೆರಳನ್ನೇ ತೆಗೆಯಬೇಕಾದೀತು. ಇದನ್ನು ಓದುವವರು ದಯವಿಟ್ಟು ನೆನಪಿಡಬೇಕು. ಎಂಜಿನ್ ಓಡುವಾಗ ಆ ಪೈಪುಗಳ ಹತ್ತಿರ ಕೈ ಬೇಡ.

ಅವನು ಅದೇ ಕೆಲಸವನ್ನು ಸ್ಕ್ಯಾನರಿನಿಂದ ಮಾಡಿದ. ಎಂಜಿನ್ ನಿಂತಲ್ಲಿ ಓಡುತ್ತಿರುವಾಗ ಒಂದೊಂದೇ ಸಿಲಿಂಡರನ್ನು ಕ್ಷಣಕಾಲ ನಿಲ್ಲಿಸಿ ನೋಡುವುದು. ಒಂದನೆಯದನ್ನು ನಿಲ್ಲಿಸಿದಾಗ ಎಂಜಿನ್ ನಡುಗಿತು. ಎರಡನೆಯದಕ್ಕೂ ನಡುಗಿತು. ಮೂರನೆಯದಕ್ಕೂ ಅಷ್ಟೇ ನಡುಗಿತು! ಅಂದರೆ ನಿಂತಾಗ ಮೂರನೆಯದು ಸರಿಯಾಗಿ ದುಡಿಯುತ್ತಿದೆ. ಬೆಳಿಗ್ಗೆ ತಣ್ಣಗಿದ್ದಾಗಲೂ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿತ್ತು. ಗಾಳಿ ಸೋರುವ ಸಿಲಿಂಡರ್ ಹಾಗೆ ಇರಲಾರದು. ಮೊದಲ ದಾರಿ ಮುಚ್ಚಿತು.

ಎರಡನೆಯದು ಇಂಜೆಕ್ಟರ್. ಪ್ರತಿ ಇಂಜೆಕ್ಟರಿನಿಂದಲೂ ಸ್ವಲ್ಪ ಡೀಸೆಲ್ ಸಣ್ಣ ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ. ಆ ವಾಪಸು ದಾರಿಯಲ್ಲಿ ಒತ್ತಡ ಕಡಿಮೆ, ಅಪಾಯವಿಲ್ಲ. ಸವೆದ ಇಂಜೆಕ್ಟರ್ ಆದರೆ ಉಳಿದವುಗಳಿಗಿಂತ ಹೆಚ್ಚು ಹಿಂದೆ ಬಿಡುತ್ತದೆ. 'ನಾಲ್ಕು ಒಂದೇ ಅಳತೆಯ ಬಾಟ್ಲಿ ಬೇಕು' ಎಂದ. ನಾವು ವಿಜ್ಞಾನದ ಕಪಾಟಿನಿಂದ ನಾಲ್ಕು ದೊಡ್ಡ ಪ್ರನಾಳ ತಂದೆವು. 'ಪ್ರನಾಳ!' ಎಂದು ಅವನಿಗೆ ಖುಷಿಯೋ ಖುಷಿ. ಹನ್ನೊಂದು ವರ್ಷದಿಂದ ಆ ಶಬ್ದ ಕೇಳಿರಲಿಲ್ಲವಂತೆ. ತೆಳ್ಳಗಿನ ಪ್ಲಾಸ್ಟಿಕ್ ನಳಿಗೆಗಳನ್ನು ಸಿಕ್ಕಿಸಿ, ಪ್ರನಾಳಗಳನ್ನು ಹಗ್ಗದಿಂದ ಕಟ್ಟಿ ಎಂಜಿನ್ ಓಡಿಸಿದ. ಆಟಕ್ಕೆ ಬಂದ ನಾಲ್ಕಾರು ಮಕ್ಕಳು ಸುತ್ತ ನಿಂತು ನೋಡಿದರು. ನಾಲ್ಕರಲ್ಲೂ ಡೀಸೆಲ್ ಸಮಸಮವಾಗಿ ಏರಿತು. ಒಂದು ಹುಡುಗಿ ಸ್ಕೇಲ್ ಇಟ್ಟು ಅಳೆದು, 'ಮೂರನೇದು ಎಲ್ಲಕ್ಕಿಂತ ಕಮ್ಮಿ ಉಂಟು ಟೀಚರ್' ಎಂದಳು. ಬದಲಿಸಬೇಕು ಎಂದ ಇಂಜೆಕ್ಟರೇ ನಾಲ್ಕರಲ್ಲಿ ಒಳ್ಳೆಯದಾಗಿ ಕಂಡಿತು.

ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ನೋಡಿದ. ಮಳೆಗಾಲವಲ್ಲವೇ, ಎರಡು ಚಮಚ ನೀರು ಬಂತು. ಆದರೆ ನೀರು ಒಂದೇ ಸಿಲಿಂಡರನ್ನು ಹುಡುಕಿಕೊಂಡು ಹೋಗುವುದಿಲ್ಲ. ಟರ್ಬೋ ಗಾಳಿಯ ಕೊಳವೆಗಳನ್ನೂ ತಡವಿದ. ಅದು ಹರಿದಿದ್ದರೆ ಎಲ್ಲ ಸಿಲಿಂಡರಿಗೂ ಗಾಳಿ ಕಮ್ಮಿಯಾಗಿ ಕಪ್ಪು ಹೊಗೆ ಬರಬೇಕಿತ್ತು. ಅದೂ ಇಲ್ಲ. ಈಗ ಉಳಿದದ್ದು ಮೂರನೆಯ ದಾರಿ.

'ಇನ್ನು ಅಂಗಳದಲ್ಲಿ ನಿಂತು ಪ್ರಯೋಜನ ಇಲ್ಲ. ಎಲ್ಲಿ ತಪ್ಪುತ್ತದೋ ಅಲ್ಲಿಗೇ ಹೋಗ್ಬೇಕು' ಎಂದ. ಮಕ್ಕಳ ಭಾರಕ್ಕೆ ಬದಲಾಗಿ ತೊಟ್ಟಿಗೆ ಇಪ್ಪತ್ತು ಕೆಂಪುಕಲ್ಲು ಹೇರಿದೆವು. ಅವನು ಓಡಿಸಿದ, ಪಕ್ಕದಲ್ಲಿ ಅಧ್ಯಕ್ಷರು, ಹಿಂದಿನ ಸೀಟಿನಲ್ಲಿ ಸ್ಕ್ಯಾನರ್ ಹಿಡಿದುಕೊಂಡು ನಾವು. ಮೊದಲ ಏರು ಸಲೀಸು. ಎರಡನೆಯ ತಿರುವೂ ಸಲೀಸು. ಮೂರನೆಯ ತಿರುವು ಕಳೆದು ಕಡಿದಾದ ಏರಿನಲ್ಲಿ ಅವನು ಕಾಲೊತ್ತಿದಾಗ ಗಾಡಿ ಗಡಗಡ ನಡುಗಿತು. ಪರದೆಯಲ್ಲಿ ಪಿ 0303. ಮರುಕ್ಷಣ ಅದರ ಕೆಳಗೆ ಇನ್ನೊಂದು ಸಾಲು: ಪಿ 0203.

ನಾವು ಓದಿ ಹೇಳಿದೆವು. ಅವನು ಸ್ಟಿಯರಿಂಗ್ ಮೇಲೆ ಕೈಬಡಿದು ಕೂಗಿದ: 'ತೆರೆದ ಮಂಡಲ ಸಾರ್! ತೆರೆದ ಮಂಡಲ!'

ಏಳನೆಯ ತರಗತಿಯಲ್ಲಿ ಬ್ಯಾಟರಿ, ವಯರು, ಸಣ್ಣ ಬಲ್ಬು ಇಟ್ಟು ಮಾಡಿಸುತ್ತಿದ್ದ ಪ್ರಯೋಗ. ವಯರು ಕೂಡಿದ್ದರೆ ಮುಚ್ಚಿದ ಮಂಡಲ, ಬಲ್ಬು ಉರಿಯುತ್ತದೆ. ಎಲ್ಲಾದರೂ ಬಿಟ್ಟಿದ್ದರೆ ತೆರೆದ ಮಂಡಲ, ಉರಿಯುವುದಿಲ್ಲ. 0203 ಎಂದರೆ ಮೂರನೆಯ ಇಂಜೆಕ್ಟರಿನ ವಿದ್ಯುತ್ ಮಂಡಲದಲ್ಲಿ ದೋಷ. ಸಾಮಾನ್ಯವಾಗಿ ಎಲ್ಲಿಯೋ ವಯರು ಬಿಟ್ಟಿರುತ್ತದೆ. ಆಜ್ಞೆ ಹೊರಟಿದೆ, ತಲುಪಲಿಲ್ಲ.

ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದ. ಮಳೆ ಹನಿಯುತ್ತಿತ್ತು, ನಾವು ಕೊಡೆ ಹಿಡಿದು ನಿಂತೆವು. ಎಂಜಿನ್ ಓಡುತ್ತಿರುವಾಗಲೇ ಒಂದು ಉದ್ದ ಕೋಲಿನಿಂದ ವಯರಿನ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಅಲ್ಲಾಡಿಸುತ್ತ ಬಂದ. ಎಂಜಿನ್ನಿನ ಹಿಂಭಾಗದಲ್ಲಿ ಒಂದು ಕಡೆ ಮುಟ್ಟಿದ ಕೂಡಲೇ ಎಂಜಿನ್ ಕುಂಟಿತು. ಆಫ್ ಮಾಡಿ ಟೇಪ್ ಸುಲಿದ. ಇಲಿ! ಏಪ್ರಿಲ್, ಮೇ ಎರಡು ತಿಂಗಳ ರಜೆಯಲ್ಲಿ ಪಿಕಪ್ ಹೆಚ್ಚಾಗಿ ಅಡಿಕೆಯ ಶೆಡ್ಡಿನಲ್ಲೇ ನಿಂತಿತ್ತು. ಇಲಿ ಒಂದು ವಯರನ್ನು ಕಡಿದು, ಒಂದೆರಡು ತಾಮ್ರದ ಎಳೆ ಮಾತ್ರ ಬಿಟ್ಟಿತ್ತು. ಏರಿನಲ್ಲಿ ಎಂಜಿನ್ ಬಲ ಹಾಕಿದಾಗ ಅದು ತನ್ನ ರಬ್ಬರ್ ಕಾಲುಗಳ ಮೇಲೆ ಒಂದು ಬದಿಗೆ ವಾಲುತ್ತದೆ. ಆಗ ವಯರು ಜಗ್ಗಿ ಎಳೆಗಳು ಬಿಡುತ್ತವೆ. ಕೆಳಗೆ ಬಂದರೆ ಮತ್ತೆ ತಾಗುತ್ತವೆ. ಅಂಗಳದಲ್ಲಿ ನೋಡಿದವರಿಗೆ ಯಾವಾಗಲೂ ಸರಿ.

ಅವನು ತಾತ್ಕಾಲಿಕವಾಗಿ ಕೂಡಿಸಿ ಟೇಪ್ ಸುತ್ತುತ್ತಿದ್ದ. ಕೊಡೆ ಹಿಡಿದು ನಿಂತ ನಮ್ಮ ಕಣ್ಣು ಕೆಳಗಿನ ತೋಡಿನ ಕಡೆ ಹೋಯಿತು. ಕೆಂಪು ನೀರು ದಡ ಮೀರಿ ಹೋಗುತ್ತಿತ್ತು. ಅಡಿಕೆ ಮರದ ಸಂಕದ ಕೈತಾಂಗು ಮಾತ್ರ ಎರಡು ಗೇಣು ಮೇಲೆ ಕಾಣುತ್ತಿತ್ತು, ಸಂಕ ಇಲ್ಲ. ತೋಡಿನ ಈಚೆ, ನಾವು ನಿಂತ ಮಾರ್ಗದ ಕೆಳಗೆ, ಒಂದೇ ಒಂದು ಮನೆ. ಶಾಲೆಗೆ ಹೋಗುವ ಕಾಲುದಾರಿ ತೋಡಿನ ಆಚೆ. ನಡೆದು ಬರುತ್ತಿದ್ದ ಎಂಟು ಮಕ್ಕಳ ಮನೆಗಳೂ ಆಚೆಯೇ.

ಎಂಜಿನ್ ಶಬ್ದ ಕೇಳಿ ಆ ಮನೆಯಿಂದ ಒಬ್ಬ ಹುಡುಗ ಗುಡ್ಡೆ ಹತ್ತಿ ಓಡಿ ಬಂದ. ಐದನೆಯ ತರಗತಿಯವನು.

'ಗಾಡಿ ಸರಿ ಆಯ್ತಾ ಸಾರ್? ಸೋಮವಾರ ಬರ್ತದಾ?'

ಹಿಂದಿನಿಂದ ಅವನ ಅಮ್ಮ ಬಂದರು. ಬುಧವಾರ ಬೆಳಿಗ್ಗೆ ಚೀಲ ಹಾಕಿಕೊಂಡು ಇಬ್ಬರೂ ಸಂಕದವರೆಗೆ ಹೋಗಿ ವಾಪಸು ಬಂದಿದ್ದರು. ಗುರುವಾರವೂ ಹೋಗಿದ್ದರು. ಶುಕ್ರವಾರವೂ. ಸುತ್ತು ಮಾರ್ಗದಲ್ಲಿ ನಡೆದರೆ ನಾಲ್ಕು ಕಿಲೋಮೀಟರ್, ಒಬ್ಬನೇ ಹುಡುಗ, ಅಮ್ಮನಿಗೆ ರಬ್ಬರಿನ ಕೆಲಸ. ಮಂಗಳವಾರದಿಂದ ಕರೆಂಟ್ ಇಲ್ಲ, ಫೋನ್ ಚಾರ್ಜಿಲ್ಲ. 'ಆಚೆ ಕರೆಯಲ್ಲಿ ಹೋಗುವ ಮಕ್ಳಿಗೆ ಕೂಗಿ ಹೇಳಿದ್ದೆ, ಟೀಚರ್ ಹತ್ರ ಹೇಳಿ ಅಂತ. ತೋಡಿನ ಬೊಬ್ಬೆಯಲ್ಲಿ ಕೇಳ್ಲಿಲ್ಲ ಕಾಣ್ತದೆ' ಎಂದರು.

ನಾವು ಏನು ಹೇಳುವುದು? ಐದು ವರ್ಷದಿಂದ ಆ ಹುಡುಗ ನಮ್ಮ ಶಾಲೆಯಲ್ಲಿದ್ದಾನೆ. ಅವನ ಮನೆ ತೋಡಿನ ಯಾವ ಬದಿಯಲ್ಲಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಿಕಪ್ ಬರುತ್ತಿತ್ತು, ಹುಡುಗ ಇಳಿಯುತ್ತಿದ್ದ, ಅಷ್ಟೇ. ಮೂರು ದಿನ ಗೈರು ಗುರುತು ಹಾಕಿ, ಅದನ್ನು ನೋಡಿಯೇ ಇಂಗ್ಲಿಷ್ ಮೀಡಿಯಂ, ಹಳದಿ ವ್ಯಾನ್, ಟಿ.ಸಿ. ಎಂದೆಲ್ಲ ನಿರ್ಣಯ ಮಾಡಿದ್ದೆವು. ಗ್ಯಾರೇಜಿನವರನ್ನು ಬೈಯುವ ಅಧಿಕಾರ ನಮಗೆಲ್ಲಿದೆ? ಅವರು ಅರುವತ್ತು ಸಾವಿರದ ಲೆಕ್ಕ ಹೇಳಿದ್ದರು. ನಾವು ಒಬ್ಬ ಹುಡುಗನನ್ನೇ ಲೆಕ್ಕದಿಂದ ತೆಗೆದಿದ್ದೆವು.

ಬಾನೆಟ್ ಕೆಳಗಿಂದ ತಲೆ ಹೊರಹಾಕಿ ನಮ್ಮ ಹಳೆಯ ವಿದ್ಯಾರ್ಥಿ ಇದನ್ನೆಲ್ಲ ಕೇಳಿಸಿಕೊಂಡ. ಅವನಿಗೆ ಹಿಂದಿನ ಸಂಜೆ ತಾನೇ ಹೇಳಿದ ಮಾತು ನೆನಪಾಗಿರಬೇಕು. ಏನೂ ಹೇಳಲಿಲ್ಲ. ನಮಗೂ ನೆನಪಾಗಿತ್ತು.

ಕೆಳಗೆ ಬಂದ ಮೇಲೆ ವಯರನ್ನು ಸರಿಯಾಗಿ ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿ, ಎಂಜಿನ್ ವಾಲಿದರೂ ಜಗ್ಗದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದ. ಕಲ್ಲು ಹೇರಿಕೊಂಡೇ ಮತ್ತೆ ಮೂರು ಸಲ ಗುಡ್ಡೆ ಹತ್ತಿ ಬಂದರು. ಕೋಡ್ ಬರಲಿಲ್ಲ. ಖರ್ಚು ಒಂದು ಅಡಿ ವಯರು. ಅಧ್ಯಕ್ಷರು ಹಣ ಕೊಡಲು ಹೋದರೆ, 'ಪ್ರನಾಳ ತೊಳೆದಿಡಿ, ಡೀಸೆಲ್ ವಾಸನೆ ಹೋಗ್ಲಿ' ಎಂದು ನಗುತ್ತ ಹೊರಟುಹೋದ.

ನಿಮ್ಮೂರಿನ ಗಾಡಿಗೂ ಹೀಗಾದರೆ ಎಂದು ಎರಡು ಮಾತು. ದೀಪ ಒಂದೇ ಸಮ ಉರಿದರೆ ಬೇಗ ತೋರಿಸಿ. ಮಿಣುಕತೊಡಗಿದರೆ ಗಾಡಿ ನಿಲ್ಲಿಸಿ. ಪೆಟ್ರೋಲ್ ಗಾಡಿಯಾದರೆ ಸುಡದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟುಬಿಡುತ್ತದೆ, ಅದರ ಬೆಲೆ ಕೇಳುವುದೇ ಬೇಡ. ಕೋಡ್ ಸಂಖ್ಯೆಯನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನಿಂತಾಗಲೋ, ಓಡುವಾಗಲೋ, ಏರಿನಲ್ಲೋ, ತಣ್ಣಗಿದ್ದಾಗಲೋ, ಮಳೆಯಲ್ಲೋ... ಯಾವಾಗ ತಪ್ಪುತ್ತದೆ ಎಂಬುದನ್ನೂ ಬರೆಯಿರಿ. ಸಾಮಾನು ಬದಲಿಸಬೇಕು ಎಂದವರನ್ನು 'ಹೇಗೆ ಗೊತ್ತಾಯ್ತು?' ಎಂದು ಒಂದು ಸಲ ಕೇಳಿ. ಜಗಳಕ್ಕಲ್ಲ, ತಿಳಿಯಲಿಕ್ಕೆ.

ಸೋಮವಾರ, ಆರನೆಯ ದಿನ, ಪಿಕಪ್ ಎರಡು ಟ್ರಿಪ್ಪಿನಲ್ಲಿ ಒಂಬತ್ತು ಮಕ್ಕಳನ್ನೂ ತಂದಿತು. ಸಂಖ್ಯೆ ಕೂಡಿತು, ಆ ವರ್ಷಕ್ಕೆ ಡಿವಿಷನ್ ಉಳಿಯಿತು. ಹುಡುಗನ ಅಪ್ಪನನ್ನು ಸಂಜೆ ಕೆಳಗಿನ ಮಾರ್ಗದಲ್ಲಿ ಕಂಡೆವು. ಇಂಗ್ಲಿಷ್ ಮೀಡಿಯಂ ವಿಷಯ ಕೇಳಿದಾಗ, 'ಹೇಳಿದ್ದು ಹೌದು ಮಾಸ್ಟ್ರೆ. ಈಗ ಇರ್ಲಿ, ಏಳನೇ ಆದ್ಮೇಲೆ ನೋಡುವ' ಎಂದರು. ಅದೂ ನಿಜವೇ. ಎಲ್ಲದಕ್ಕೂ ಇಲಿಯೇ ಕಾರಣವಾಗಿರುವುದಿಲ್ಲ.

ಹಾಕಿದ ಗೈರು ಗುರುತನ್ನು ಅಳಿಸುವ ಹಾಗಿಲ್ಲ. ಹುಡುಗ ಬಂದಿರಲಿಲ್ಲ ಎಂಬುದು ಸುಳ್ಳೂ ಅಲ್ಲ. ಮೂರು ಗುರುತುಗಳ ಸಾಲಿನ ಕೊನೆಯಲ್ಲಿ, ಷರಾ ಬರೆಯುವ ಜಾಗದಲ್ಲಿ, ಇಷ್ಟು ಬರೆದೆವು: 'ತೋಡಿನ ಸಂಕ ಮುಳುಗಿದ್ದರಿಂದ.' ಆ ವಾರವೇ ಎಲ್ಲ ಮಕ್ಕಳ ಮನೆ, ತೋಡು, ಸಂಕ, ಮಾರ್ಗ ಗುರುತಿಸಿದ ಒಂದು ನಕ್ಷೆಯನ್ನು ಏಳನೆಯವರ ಕೈಯಲ್ಲಿ ಮಾಡಿಸಿ ಆಫೀಸಿನ ಗೋಡೆಗೆ ಅಂಟಿಸಿದ್ದೇವೆ. ಹೊಸ ಮಗು ಸೇರಿದಾಗ ಮೊದಲು ಅದರಲ್ಲಿ ಅವರ ಮನೆ ಬರೆಯುತ್ತೇವೆ, ಮತ್ತೆ ಹಾಜರಿ ಪುಸ್ತಕದಲ್ಲಿ ಹೆಸರು.